ಹಳೇ ಆರ್ಕೇಡ್ ಮಾನಿಟರ್‌ನಲ್ಲಿ ಕಿಡಿ ಹಾರುತ್ತಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದು ಮುಖ್ಯವಾಗಿ 1980ರ ದಶಕದ ಅಮೆರಿಕನ್ ಆರ್ಕೇಡ್ (ನಾಣ್ಯ ಹಾಕಿ ಆಡುವ ವಿಡಿಯೋ ಗೇಮ್) ಯಂತ್ರಗಳಲ್ಲಿದ್ದ 19 ಇಂಚಿನ ಕಲರ್ ಮಾನಿಟರ್‌ಗಳ ಬಗ್ಗೆ. ಎಲೆಕ್ಟ್ರೋಹೋಮ್ ಜಿ07, ವೆಲ್ಸ್-ಗಾರ್ಡ್ನರ್ ಕೆ4600, ಕೆ4900, ಕೆ7000 ಈ ಗುಂಪಿಗೆ ಸೇರಿದವು. ನಿಂಟೆಂಡೋದ ಡಾಂಕಿ ಕಾಂಗ್‌ನಲ್ಲಿದ್ದ ಸಾನ್ಯೊ ಮಾನಿಟರ್‌ಗೂ, ಜಪಾನಿನ ದೊಡ್ಡ ಕ್ಯಾಬಿನೆಟ್‌ಗಳ ಮಾನಿಟರ್‌ಗೂ ಇದೇ ಮಾತು ಬಹುಪಾಲು ಅನ್ವಯಿಸುತ್ತದೆ. ಹೈ ವೋಲ್ಟೇಜ್ ಹುಟ್ಟಿಸುವ, ನಮ್ಮ ಟಿವಿ ಮೆಕ್ಯಾನಿಕ್‌ಗಳು ಎಲ್‌ಓಟಿ ಅಥವಾ ಇಎಚ್‌ಟಿ ಅನ್ನುವ ಭಾಗವನ್ನೇ ಆರ್ಕೇಡ್ ಜನ ಫ್ಲೈಬ್ಯಾಕ್ ಅನ್ನುತ್ತಾರೆ. ನಾನೂ ಇಲ್ಲಿ ಫ್ಲೈಬ್ಯಾಕ್ ಅಂತಲೇ ಬರೆದಿದ್ದೇನೆ.

ಟಿಕ್ ಟಿಕ್ ಅಂತ ಸದ್ದು ಬರುತ್ತಿದೆ. ಇದು ಆರ್ಕಿಂಗ್ ಅಂತ ಹೇಗೆ ಗೊತ್ತಾಗುತ್ತದೆ?

ಎಲ್ಲ ಸದ್ದೂ ಆರ್ಕಿಂಗ್ (ಹೈ ವೋಲ್ಟೇಜ್ ಕಿಡಿ ಹಾರುವುದು) ಅಲ್ಲ. ಆನ್ ಮಾಡಿದ ತಕ್ಷಣ ಒಂದು ಸಲ 'ಧುಮ್' ಅಂದು ಚಿತ್ರ ನಡುಗಿದರೆ ಅದು ಪರದೆಯ ಕಾಂತತ್ವ ಅಳಿಸುವ ಡಿಗಾಸ್ ಕಾಯಿಲ್. ಗಾಜಿನ ಮೇಲೆ ಚರಚರ ಅಂದು ಕೈಯ ಕೂದಲು ನಿಲ್ಲುವುದು ಬರೀ ಸ್ಟ್ಯಾಟಿಕ್. ಯಂತ್ರ ಬಿಸಿಯಾಗುವಾಗ ಪ್ಲಾಸ್ಟಿಕ್ ಕೂಡ ಟಿಕ್ ಅನ್ನುತ್ತದೆ.

ನಿಜವಾದ ಆರ್ಕ್ ಆದರೆ 'ಟಪ್' ಅಂತ ಚುರುಕಾದ ಸದ್ದು ಬರುತ್ತದೆ. ಅದೇ ಕ್ಷಣ ಚಿತ್ರ ಕುಗ್ಗುತ್ತದೆ, ಅಡ್ಡ ಗೆರೆ ಹೊಡೆಯುತ್ತದೆ ಅಥವಾ ಪೂರ್ತಿ ಮಾಯವಾಗಿ ಮತ್ತೆ ಬರುತ್ತದೆ. ಸದ್ದೂ ಚಿತ್ರವೂ ಒಟ್ಟಿಗೆ ಹಾರಿದರೆ ಅನುಮಾನವೇ ಬೇಡ. ಇನ್ನೊಂದು ಬಗೆ ಇದೆ, ಕರೋನಾ. ಕಿಡಿ ಪೂರ್ತಿ ಹಾರದೆ, ಚೂಪಾದ ಜಾಗದ ಸುತ್ತ ಗಾಳಿ ಮಾತ್ರ ಸೋರಿದ ಹಾಗೆ 'ಸ್‌ಸ್‌ಸ್' ಅನ್ನುತ್ತದೆ. ಮೂಗಿಗೆ ಓಝೋನ್ ವಾಸನೆ ಬಡಿಯುತ್ತದೆ. ಕರೋನಾವನ್ನು ಹಾಗೇ ಬಿಟ್ಟರೆ ಇನ್ಸುಲೇಶನ್ ನಿಧಾನವಾಗಿ ಸುಟ್ಟು, ಮುಂದೆ ಅದೇ ಆರ್ಕ್ ಆಗುತ್ತದೆ.

ಒಳಗೆ ಎಷ್ಟು ವೋಲ್ಟ್ ಇರುತ್ತದೆ?

19 ಇಂಚಿನ ಕಲರ್ ಟ್ಯೂಬ್‌ನ ಆನೋಡ್‌ನಲ್ಲಿ (ಫ್ಲೈಬ್ಯಾಕ್‌ನ ದಪ್ಪ ವೈರ್ ರಬ್ಬರ್ ಕಪ್ ಮೂಲಕ ಟ್ಯೂಬ್‌ಗೆ ಸೇರುವ ಜಾಗ) ಸುಮಾರು 20ರಿಂದ 25 ಸಾವಿರ ವೋಲ್ಟ್. ಫೋಕಸ್‌ಗೆ ಕೆಲವು ಸಾವಿರ. ಒಣ ಗಾಳಿಯಲ್ಲಿ, ನಯವಾದ ಮೇಲ್ಮೈಗಳ ನಡುವೆ, ಒಂದು ಮಿಲಿಮೀಟರ್ ದಾಟಲು ಸುಮಾರು 3 ಸಾವಿರ ವೋಲ್ಟ್ ಬೇಕು. ಆ ಲೆಕ್ಕದಲ್ಲಿ 25 ಸಾವಿರ ವೋಲ್ಟ್ ಒಂದು ಸೆಂಟಿಮೀಟರ್ ಕೂಡ ಹಾರಬಾರದು. ಆದರೆ ಚೂಪಾದ ತುದಿ ಇದ್ದರೆ ಲೆಕ್ಕ ಬದಲಾಗುತ್ತದೆ. ಗಾಜಿನ ಮೇಲೆ 40 ವರ್ಷದ ಧೂಳು, ಸಿಗರೇಟ್ ಹೊಗೆಯ ಜಿಡ್ಡು ಕೂತಿದ್ದರೆ ಕಿಡಿ ಹಾರುವುದೇ ಇಲ್ಲ, ತೆವಳಿಕೊಂಡು ಎಷ್ಟೋ ಸೆಂಟಿಮೀಟರ್ ಹೋಗಿಬಿಡುತ್ತದೆ.

ಪ್ಲಗ್ ಕಿತ್ತ ಮೇಲೆ ಮುಟ್ಟಬಹುದಲ್ವಾ?

ಇಲ್ಲ. ಟ್ಯೂಬ್ ಒಳಗೂ ಹೊರಗೂ ಅಕ್ವಾಡ್ಯಾಗ್ ಅನ್ನುವ ಕಪ್ಪು ಗ್ರಾಫೈಟ್ ಲೇಪ ಇರುತ್ತದೆ. ನಡುವೆ ಗಾಜು. ಅಂದರೆ ಪಿಕ್ಚರ್ ಟ್ಯೂಬ್ ಅನ್ನುವುದೇ ಒಂದು ದೊಡ್ಡ ಕೆಪಾಸಿಟರ್. ಕೆಲವು ಫ್ಲೈಬ್ಯಾಕ್‌ಗಳ ಒಳಗೆ ಚಾರ್ಜ್ ಇಳಿಸುವ ರೆಸಿಸ್ಟರ್ ಇರುತ್ತದೆ, ಎಲ್ಲದರಲ್ಲೂ ಇರುವುದಿಲ್ಲ. ಇದೆ ಅಂತ ನಂಬಿ ಕೈ ಹಾಕಬೇಡಿ.

ಡಿಸ್ಚಾರ್ಜ್ ಮಾಡುವ ಕ್ರಮ ಹೀಗೆ. ಪ್ಲಗ್ ಕಿತ್ತು ದೂರ ಇಡಿ. ಉದ್ದನೆಯ, ಒಳ್ಳೆ ಇನ್ಸುಲೇಶನ್ ಇರುವ ಚಪ್ಪಟೆ ಸ್ಕ್ರೂಡ್ರೈವರ್‌ನ ಲೋಹಕ್ಕೆ ವೈರ್ ಕಟ್ಟಿ. ವೈರ್‌ನ ಇನ್ನೊಂದು ತುದಿಯನ್ನು ಟ್ಯೂಬ್‌ನ ಹಿಂಭಾಗಕ್ಕೆ ಅಪ್ಪಿಕೊಂಡಿರುವ ಬರಿ ಹೆಣಿಗೆ ವೈರ್‌ಗೆ ಕ್ಲಿಪ್ ಮಾಡಿ. ಗೇಮ್ ಬೋರ್ಡ್‌ನ ಗ್ರೌಂಡ್‌ಗೆ ಯಾವತ್ತೂ ಬೇಡ. ಒಂದು ಕೈ ಬೆನ್ನ ಹಿಂದೆ ಇರಲಿ. ಇನ್ನೊಂದು ಕೈಯಿಂದ ಸ್ಕ್ರೂಡ್ರೈವರ್ ತುದಿಯನ್ನು ಆನೋಡ್‌ನ ರಬ್ಬರ್ ಕಪ್ ಕೆಳಗೆ ಮೆಲ್ಲಗೆ ತೂರಿಸಿ, ಒಳಗಿನ ಲೋಹದ ಕೊಕ್ಕೆಗೆ ತಾಗಿಸಿ. 'ಟಪ್' ಅನ್ನಬಹುದು, ಅನ್ನದೆಯೂ ಇರಬಹುದು. ಸದ್ದು ಬರಲಿಲ್ಲ ಅಂದರೆ ಚಾರ್ಜ್ ಇರಲಿಲ್ಲವೋ, ತುದಿ ತಾಗಲಿಲ್ಲವೋ ಗೊತ್ತಾಗುವುದಿಲ್ಲ. ಹಾಗಾಗಿ ಇನ್ನೊಂದು ಕಡೆಯಿಂದ ತೂರಿಸಿ ನೋಡಿ.

ಕೆಲವು ನಿಮಿಷ ಬಿಟ್ಟು ಮತ್ತೆ ಮಾಡಿ. ಗಾಜು ತನ್ನೊಳಗೆ ಹೀರಿಕೊಂಡಿದ್ದ ಚಾರ್ಜ್ ಮೆಲ್ಲಗೆ ಹೊರಗೆ ಬರುತ್ತದೆ. ಎರಡನೇ ಸಲ ಸಣ್ಣದಾಗಿ ಟಪ್ ಅಂದರೆ ಆಶ್ಚರ್ಯ ಬೇಡ.

ಇದಕ್ಕಿಂತ ಹೆಚ್ಚು ಜನ ಮರೆಯುವುದು ಪವರ್ ಸಪ್ಲೈನ ದೊಡ್ಡ ಫಿಲ್ಟರ್ ಕೆಪಾಸಿಟರ್. ಲೆಕ್ಕ ಹಾಕಿ ನೋಡಿ. ಟ್ಯೂಬ್‌ನ ಕೆಪಾಸಿಟಿ 1 ನ್ಯಾನೊಫ್ಯಾರಡ್ ಅಂತ ಇಟ್ಟುಕೊಂಡರೆ 25 ಸಾವಿರ ವೋಲ್ಟ್‌ನಲ್ಲಿ ಅದರೊಳಗಿನ ಶಕ್ತಿ ಸುಮಾರು 0.3 ಜೂಲ್. ಫಿಲ್ಟರ್ ಕೆಪಾಸಿಟರ್ 500 ಮೈಕ್ರೋಫ್ಯಾರಡ್, 160 ವೋಲ್ಟ್ ಆದರೆ 6.4 ಜೂಲ್. ಅಂದರೆ ಸುಮಾರು 20 ಪಟ್ಟು! ಟ್ಯೂಬ್ ಹೊಡೆದಾಗ ಕೈ ಹಿಂದಕ್ಕೆ ಎಳೆದುಕೊಂಡು ಟ್ಯೂಬ್‌ನ ಕತ್ತು ಮುರಿಯುವ ಅಪಾಯ ಜಾಸ್ತಿ. ಫಿಲ್ಟರ್ ಕೆಪಾಸಿಟರ್ ಎದೆಗೆ ಹೊಡೆಯುತ್ತದೆ. ಮೀಟರ್ ಇಟ್ಟು ವೋಲ್ಟೇಜ್ ನೋಡಿ. ಉಳಿದಿದ್ದರೆ ಕೆಲವು ಕಿಲೋ ಓಮ್‌ನ ದಪ್ಪ ರೆಸಿಸ್ಟರ್ ಅಥವಾ ಹಳೇ ಕಾಲದ ತಂತಿ ಬಲ್ಬ್ ಮೂಲಕ ಇಳಿಸಿ.

ನಮ್ಮಲ್ಲಿ 230 ವೋಲ್ಟ್. ಕನ್ವರ್ಟರ್ ಹಾಕಿದರೆ ಸಾಕಾ?

ಸಾಲದು. ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಅಮೆರಿಕದ ಯಂತ್ರಗಳು 120 ವೋಲ್ಟ್‌ನವು, ಜಪಾನಿನವು 100 ವೋಲ್ಟ್‌ನವು. ಮೇಲೆ ಹೆಸರಿಸಿದ ಮಾನಿಟರ್‌ಗಳಲ್ಲಿ ಬರುವ ಕರೆಂಟ್ ನೇರವಾಗಿ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್‌ಗೆ ಹೋಗುತ್ತದೆ. ಹಾಗಾಗಿ ಅವುಗಳ ಮುಂದೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಮೂಲ ಕ್ಯಾಬಿನೆಟ್‌ನ ಕೆಳಗೆ ಅದು ಇರುತ್ತಿತ್ತು. ಮಾನಿಟರ್ ಮಾತ್ರ ಕೊಂಡು ತಂದವರ ಹತ್ತಿರ ಇರುವುದಿಲ್ಲ.

ಅಂಗಡಿಯಲ್ಲಿ ಸಿಗುವ ಸ್ಟೆಪ್ ಡೌನ್ ಕನ್ವರ್ಟರ್ ಬಹಳ ಸಲ ಆಟೊ ಟ್ರಾನ್ಸ್‌ಫಾರ್ಮರ್. ಅದು ವೋಲ್ಟೇಜ್ ಇಳಿಸುತ್ತದೆ, ಲೈನ್‌ನಿಂದ ಬೇರ್ಪಡಿಸುವುದಿಲ್ಲ. ಅದನ್ನು ನಂಬಿ ಗೇಮ್ ಬೋರ್ಡ್ ಜೋಡಿಸಿದರೆ ಫ್ಯೂಸ್, ರೆಕ್ಟಿಫೈಯರ್, ಕೆಲವೊಮ್ಮೆ ಬೋರ್ಡ್ ಕೂಡ ಹೋಗುತ್ತದೆ. ಇದರಿಂದ ಹಾರುವ ಕಿಡಿಯನ್ನು ಹೈ ವೋಲ್ಟೇಜ್ ಆರ್ಕ್ ಅಂದುಕೊಂಡು ಫ್ಲೈಬ್ಯಾಕ್ ಬದಲಾಯಿಸುವವರಿದ್ದಾರೆ. ಪ್ರೈಮರಿ, ಸೆಕೆಂಡರಿ ಎರಡೂ ಬೇರೆ ಬೇರೆ ಸುತ್ತಿರುವ ಟ್ರಾನ್ಸ್‌ಫಾರ್ಮರನ್ನೇ ಕೇಳಿ. ತಂದ ಮೇಲೆ ಎರಡರ ನಡುವೆ ಮೀಟರ್ ಇಟ್ಟು ಓಪನ್ ತೋರಿಸುತ್ತದಾ ಅಂತ ನೋಡಿ.

ಸರಿ, ಹುಡುಕುವುದನ್ನು ಎಲ್ಲಿಂದ ಶುರು ಮಾಡಲಿ?

ಬಿ ಪ್ಲಸ್ ಅಳೆಯುವುದರಿಂದ. ಕಿಡಿ ಕಂಡ ಕೂಡಲೇ ಎಲ್ಲರೂ ಆನೋಡ್ ಕಪ್ ಬಿಚ್ಚಿ ಗ್ರೀಸ್ ಹಚ್ಚಲು ಓಡುತ್ತಾರೆ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಟ್ಯಾಂಕಿನ ಒತ್ತಡ ಏರಿ ನೀರು ಚಿಮ್ಮುತ್ತಿದೆಯೋ, ಪೈಪೇ ತೂತಾಗಿದೆಯೋ? ಒತ್ತಡ ಏರಿದ್ದರೆ ನೀವು ಒಂದು ಕಡೆ ಮುಚ್ಚಿದಷ್ಟೂ ಇನ್ನೊಂದು ಕಡೆ ಒಡೆಯುತ್ತದೆ.

ಫ್ಲೈಬ್ಯಾಕ್‌ಗೆ ಹೋಗುವ ಡಿಸಿ ವೋಲ್ಟೇಜೇ ಬಿ ಪ್ಲಸ್. ಜಿ07ನಲ್ಲಿ ಅದು 120 ವೋಲ್ಟ್ ಇರಬೇಕು. ಬೇರೆ ಮಾಡೆಲ್‌ಗಳಿಗೆ ಅವುಗಳ ಮ್ಯಾನುಯಲ್‌ನಲ್ಲಿ ಇರುವ ಅಂಕಿ ನೋಡಿ, ಅಂದಾಜು ಬೇಡ. ರೆಗ್ಯುಲೇಟರ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿದ್ದರೆ ರೆಕ್ಟಿಫೈಯರ್‌ನ ವೋಲ್ಟೇಜ್ ಹಾಗೇ ಒಳಗೆ ಬರುತ್ತದೆ. 120 ಇರಬೇಕಾದದ್ದು 150 ಆಯಿತು ಅನ್ನಿ. ಹೈ ವೋಲ್ಟೇಜ್ ಕೂಡ ಅದೇ ಪ್ರಮಾಣದಲ್ಲಿ ಏರುತ್ತದೆ. 22 ಸಾವಿರ ಇದ್ದದ್ದು 27 ಸಾವಿರ ದಾಟುತ್ತದೆ. ಆಗ ಗಟ್ಟಿಮುಟ್ಟಾದ ಕಪ್ ಕೂಡ ತಡೆಯಲಾರದು.

ಆರ್ಕ್ ಜೋರಾಗಿದ್ದರೆ ಅಳೆಯುವಷ್ಟು ಹೊತ್ತೂ ಯಂತ್ರ ಓಡಿಸುವುದು ಅಪಾಯ. ಫ್ಲೈಬ್ಯಾಕನ್ನು ಓಡಿಸುವ ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಹೋಗುತ್ತದೆ. ಮೀಟರ್ ಮೊದಲೇ ಕ್ಲಿಪ್ ಮಾಡಿ, ಆನ್ ಮಾಡಿ, ಓದಿ, ಆಫ್ ಮಾಡಿ. ನಮ್ಮ ಮೆಕ್ಯಾನಿಕ್‌ಗಳ ಸೀರೀಸ್ ಬಲ್ಬ್ (ಕರೆಂಟ್ ಬರುವ ದಾರಿಯಲ್ಲೇ ಸೇರಿಸುವ ತಂತಿ ಬಲ್ಬ್) ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಮಾನಿಟರ್ ಉಳಿಯುತ್ತದೆ. ಡಿಗಾಸ್ ಕಾಯಿಲ್ ಕನೆಕ್ಟರ್ ತೆಗೆದಿಡಿ, ಇಲ್ಲದಿದ್ದರೆ ಅದು ಎಳೆಯುವ ಕರೆಂಟ್ ನೋಡಿ ಮೋಸ ಹೋಗುತ್ತೀರಿ. ಒಂದು ಎಚ್ಚರಿಕೆ: ಬಲ್ಬ್ ಇರುವಾಗ ಬಿ ಪ್ಲಸ್ ಕಡಿಮೆಯೇ ತೋರಿಸಬಹುದು. ಆ ಅಂಕಿಯನ್ನು ಕೊನೆಯ ಮಾತು ಅಂದುಕೊಳ್ಳಬೇಡಿ.

ಬಿ ಪ್ಲಸ್ ಸರಿಯಾಗಿದೆ. ಆದರೂ ಹೈ ವೋಲ್ಟೇಜ್ ಏರಲು ಸಾಧ್ಯವಾ?

ಸಾಧ್ಯ. ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಬಳಿ ಒಂದು ಫಿಲ್ಮ್ ಕೆಪಾಸಿಟರ್ ಇರುತ್ತದೆ. ರಿಟ್ರೇಸ್ ಕೆಪಾಸಿಟರ್, ಸೇಫ್ಟಿ ಕೆಪಾಸಿಟರ್ ಎಂಬ ಎರಡೂ ಹೆಸರು ಅದಕ್ಕಿದೆ. ಸೆಕೆಂಡಿಗೆ ಸುಮಾರು 15,700 ಸಲ, ಚಿತ್ರ ಬಿಡಿಸುವ ಎಲೆಕ್ಟ್ರಾನ್ ಬೀಮ್ ಹಿಂದಕ್ಕೆ ಹಾರುವಾಗ ಪಲ್ಸ್ ಎಷ್ಟು ಅಗಲ, ಎಷ್ಟು ಎತ್ತರ ಅನ್ನುವುದನ್ನು ಇದೇ ನಿರ್ಧರಿಸುತ್ತದೆ. ಇದರ ಬೆಲೆ (ಅಂದರೆ ಕೆಪಾಸಿಟಿ) ಕುಸಿದರೆ ಪಲ್ಸ್ ಕಿರಿದಾಗಿ ಮೇಲೆ ಚಾಚುತ್ತದೆ. ಹೈ ವೋಲ್ಟೇಜೂ ಏರುತ್ತದೆ. ಪೂರ್ತಿ ಓಪನ್ ಆದರೆ ಟ್ರಾನ್ಸಿಸ್ಟರ್ ಸಾಯುತ್ತದೆ, ಇಲ್ಲವೇ ಟ್ಯೂಬ್‌ಗೇ ಏಟು. ಅದಕ್ಕೇ ಕೆಲವು ಚಾಸಿಗಳಲ್ಲಿ (ಮಾನಿಟರ್‌ನ ಸರ್ಕ್ಯೂಟ್ ಬೋರ್ಡ್) ಇದಕ್ಕೆ ನಾಲ್ಕು ಕಾಲು ಕೊಟ್ಟಿದ್ದರು. ಕಾಲು ಕಿತ್ತರೆ ಸರ್ಕ್ಯೂಟೇ ನಿಂತುಹೋಗಲಿ ಅಂತ. ಬಲು ಜಾಣತನದ ಉಪಾಯ.

ಬದಲಾಯಿಸುವಾಗ ಅದೇ ಬೆಲೆ, ಅದೇ ಅಥವಾ ಹೆಚ್ಚಿನ ವೋಲ್ಟೇಜ್, ಪಲ್ಸ್ ತಡೆಯುವ ಪಾಲಿಪ್ರೊಪಿಲೀನ್ ಬಗೆಯದೇ ಬೇಕು. 'ಹತ್ತಿರದ ಬೆಲೆ ನಡೆಯುತ್ತೆ ಬಿಡಿ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಚಿತ್ರವೇ ಒಂದು ಸುಳಿವು ಕೊಡುತ್ತದೆ. ಹೈ ವೋಲ್ಟೇಜ್ ಏರಿದರೆ ಬೀಮ್ ಬಿರುಸಾಗಿ ಹೋಗುತ್ತದೆ, ಟ್ಯೂಬ್‌ನ ಕತ್ತಿನ ಸುತ್ತ ಇರುವ ಸುರುಳಿ, ಅಂದರೆ ಯೋಕ್, ಅದನ್ನು ಅಷ್ಟು ಬಗ್ಗಿಸಲಾರದು, ಚಿತ್ರ ಚಿಕ್ಕದಾಗುತ್ತದೆ. ಹೈ ವೋಲ್ಟೇಜ್ ಇಳಿದರೆ ಚಿತ್ರ ಹಿಗ್ಗಿ ಮಂಕಾಗುತ್ತದೆ.

ಹೈ ವೋಲ್ಟೇಜನ್ನು ಮಾಮೂಲಿ ಮಲ್ಟಿಮೀಟರ್‌ನಲ್ಲಿ ಅಳೆಯಬಹುದಾ?

ಬೇಡವೇ ಬೇಡ. ಅದಕ್ಕೆ 40 ಸಾವಿರ ವೋಲ್ಟ್ ತಡೆಯುವ ಹೈ ವೋಲ್ಟೇಜ್ ಪ್ರೋಬ್ ಇದೆ. ಅದರ ಗ್ರೌಂಡ್ ಕ್ಲಿಪ್ಪನ್ನು ಮೊದಲು ಹಾಕಿ, ಆಮೇಲೆ ಯಂತ್ರ ಆನ್ ಮಾಡಿ.

ಇದರ ಜೊತೆಗೆ ಇನ್ನೊಂದು ಮಾತು. ಆನೋಡ್ ವೈರ್‌ನಿಂದ ಸ್ಕ್ರೂಡ್ರೈವರ್‌ಗೆ ಕಿಡಿ ಹಾರಿಸಿ 'ಇಎಚ್‌ಟಿ ಇದೆ' ಅಂತ ಹೇಳುವ ಹಳೇ ಅಭ್ಯಾಸ ಇದೆಯಲ್ಲ, ವಾಲ್ವ್ ಟಿವಿಗಳ ಕಾಲಕ್ಕೆ ಅದು ಹೇಗೋ ನಡೆಯುತ್ತಿತ್ತು. ಟ್ರಾನ್ಸಿಸ್ಟರ್ ಚಾಸಿಯಲ್ಲಿ ಹಾಗೆ ಮಾಡಿದರೆ ಕಿಡಿಯೊಂದಿಗೆ ಔಟ್‌ಪುಟ್ ಟ್ರಾನ್ಸಿಸ್ಟರೂ ಹಾರಿಹೋಗಬಹುದು.

ಕಿಡಿ ಎಲ್ಲಿಂದ ಹಾರುತ್ತಿದೆ ಅಂತ ಕಣ್ಣಿಗೆ ಕಾಣುತ್ತಿಲ್ಲ.

ರಾತ್ರಿ ಲೈಟ್ ಆರಿಸಿ, ಕಣ್ಣು ಕತ್ತಲೆಗೆ ಹೊಂದುವವರೆಗೆ ಕಾಯಿರಿ. ಮುಖ ದೂರ ಇರಲಿ, ಕೈ ಜೇಬಿನಲ್ಲಿರಲಿ. ಪಕ್ಕದಲ್ಲಿ ಒಬ್ಬರು ಸ್ವಿಚ್ ಹತ್ತಿರ ನಿಂತಿರಲಿ. ಕರೋನಾ ನೀಲಿ ನೇರಳೆ ಮಸುಕಾಗಿ ಕಾಣುತ್ತದೆ, ಆರ್ಕ್ ಬಿಳಿ ಗೆರೆಯಾಗಿ. ಫೋನ್‌ನಲ್ಲಿ ವಿಡಿಯೋ ಹಿಡಿದು ಒಂದೊಂದೇ ಫ್ರೇಮ್ ನೋಡುವುದು ಇನ್ನೂ ಒಳ್ಳೆಯದು. ನೋಡಬೇಕಾದ ಜಾಗಗಳು: ಆನೋಡ್ ಕಪ್‌ನ ಅಂಚು, ಫ್ಲೈಬ್ಯಾಕ್‌ನ ಮೈ, ಅದರ ಫೆರೈಟ್ ಕೋರ್, ಆನೋಡ್ ವೈರ್ ಲೋಹದ ಚೌಕಟ್ಟಿಗೆ ತಾಗುವ ಕಡೆ, ಫೋಕಸ್ ವೈರ್, ಟ್ಯೂಬ್‌ನ ಕತ್ತಿನ ತುದಿಗೆ ಸಿಕ್ಕಿಸಿರುವ ನೆಕ್ ಬೋರ್ಡ್‌ನ ಸಾಕೆಟ್, ಯೋಕ್.

ಯೋಕ್ ಕನೆಕ್ಟರ್‌ನ ಪಿನ್‌ಗಳ ಬೆಸುಗೆ ಬಿಟ್ಟಿದ್ದರೂ ಚಟಚಟ ಅನ್ನುತ್ತದೆ. ಅಲ್ಲಿ 20 ಸಾವಿರ ವೋಲ್ಟ್ ಇಲ್ಲ, ಸುಮಾರು ಸಾವಿರ ವೋಲ್ಟ್‌ನ ಪಲ್ಸ್ ಅಷ್ಟೇ. ಬೋರ್ಡ್ ಕಪ್ಪಾಗಿದ್ದರೆ ಇಡೀ ಕನೆಕ್ಟರ್ ಹೊಸದಾಗಿ ಬೆಸೆಯಿರಿ. ಸಿಕ್ಕ ಕಿಡಿಗಳಲ್ಲೆಲ್ಲ ಅಗ್ಗದ ರಿಪೇರಿ ಇದೇ.

ಆನೋಡ್ ಕಪ್ ಸ್ವಚ್ಛ ಮಾಡುವುದು ಹೇಗೆ?

ಡಿಸ್ಚಾರ್ಜ್ ಮಾಡಿದ ಮೇಲೆ ರಬ್ಬರ್ ಅಂಚನ್ನು ಎತ್ತಿ, ಒಳಗಿನ ಕೊಕ್ಕೆಯನ್ನು ಒಂದು ಪಕ್ಕಕ್ಕೆ ಒತ್ತಿ. ಒಂದು ಕಾಲು ಬಿಟ್ಟುಕೊಳ್ಳುತ್ತದೆ, ಆಮೇಲೆ ಇನ್ನೊಂದು. ಎಳೆದಾಡಬೇಡಿ. ಆ ಲೋಹದ ಬಟನ್ ಗಾಜಿನಲ್ಲಿ ಕೂತಿದೆ, ಅದರ ಸುತ್ತ ಬಿರುಕು ಬಿಟ್ಟರೆ ಟ್ಯೂಬ್‌ನೊಳಗೆ ಗಾಳಿ ನುಗ್ಗಿ ಕಥೆ ಮುಗಿಯುತ್ತದೆ.

ಬಟನ್‌ನ ಸುತ್ತ ಒಂದಷ್ಟು ಅಗಲ ಬರಿ ಗಾಜು ಇರುತ್ತದೆ. ಅದಾದ ಮೇಲೆ ಕಪ್ಪು ಅಕ್ವಾಡ್ಯಾಗ್. 20 ಸಾವಿರ ವೋಲ್ಟನ್ನು ಗ್ರೌಂಡ್‌ನಿಂದ ದೂರ ಇಡುವುದು ಈ ಬರಿ ಗಾಜಿನ ಪಟ್ಟಿ. ಅದು ಮಾತ್ರ ಕನ್ನಡಿಯಂತೆ ಹೊಳೆಯಬೇಕು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ. ಅಕ್ವಾಡ್ಯಾಗ್‌ನ ಅಂಚಿಗೆ ಬಟ್ಟೆ ಹೋಗದಿರಲಿ. ಹೋದರೆ ಗ್ರಾಫೈಟ್ ಪುಡಿ ಕಿತ್ತು ಬಂದು ನೀವೇ ಕಿಡಿಗೆ ದಾರಿ ಹಾಕಿಕೊಟ್ಟ ಹಾಗೆ. ಬಟನ್ ತುಕ್ಕು ಹಿಡಿದಿದ್ದರೆ ಮರದ ಕಡ್ಡಿಯಿಂದ ಕೆರೆಯಿರಿ. ಸ್ಟೀಲ್ ಉಣ್ಣೆ ಬೇಡ, ಅದರ ಎಳೆಗಳು ಅಲ್ಲೇ ಉಳಿಯುತ್ತವೆ. ಬ್ಲೇಡ್ ಕೂಡ ಬೇಡ, ಗಾಜಿಗೆ ಗೀರು ಬೀಳುತ್ತದೆ.

ಕಪ್‌ನ ಒಳಮೈಯನ್ನೂ ಒರೆಸಿ. ರಬ್ಬರ್ ಗಟ್ಟಿಯಾಗಿ ಸೀಳಿದ್ದರೆ ಅಥವಾ ಕಪ್ಪು ಸುಟ್ಟ ಗೆರೆ ಕಂಡರೆ ಇಡೀ ಆನೋಡ್ ಕಪ್ ಬದಲಾಯಿಸಿ. ಆ ಗೆರೆ ಇಂಗಾಲ, ಕರೆಂಟ್ ಹರಿಸುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಆಲ್ಕೋಹಾಲ್ ಪೂರ್ತಿ ಆರಲಿ, ಆಮೇಲೆ ಕೊಕ್ಕೆಯ ಎರಡೂ ಕಾಲು ಬಟನ್ ಒಳಗೆ ಕೂತಿವೆಯಾ ಅಂತ ಎಳೆದು ನೋಡಿ. ಒಂದೇ ಕಾಲು ಕೂತಿದ್ದರೆ ಕಪ್‌ನೊಳಗೇ ಕಿಡಿ ಆಡುತ್ತಿರುತ್ತದೆ.

ಗ್ರೀಸ್, ಸಿಲಿಕೋನ್, ನೇಲ್ ಪಾಲಿಶ್, ಟೇಪ್: ಯಾವುದು ಹಚ್ಚಲಿ?

ಡೈಎಲೆಕ್ಟ್ರಿಕ್ ಸಿಲಿಕೋನ್ ಗ್ರೀಸ್ ಕಪ್‌ನ ಅಂಚಿಗೆ ತೆಳುವಾಗಿ ಹಚ್ಚಿದರೆ ಒಳ್ಳೆಯದು. ತೇವ ಒಳಗೆ ಹೋಗುವುದಿಲ್ಲ. ಕೊಳೆಯ ಮೇಲೆ ಹಚ್ಚಿದರೆ ಕೊಳೆಯನ್ನು ಭದ್ರವಾಗಿ ಕಾಪಾಡಿದ ಹಾಗಾಗುತ್ತದೆ, ಅಷ್ಟೇ. ಗಟ್ಟಿಯಾಗುವ ಸಿಲಿಕೋನ್ ಆದರೆ ವಿನೆಗರ್ ವಾಸನೆ ಬರುವುದು ಬೇಡ, ಅದರ ಆಮ್ಲ ಲೋಹವನ್ನು ತಿನ್ನುತ್ತದೆ. ಕರೋನಾ ಡೋಪ್ ಅಂತಲೇ ಒಂದು ವಾರ್ನಿಶ್ ಸಿಗುತ್ತದೆ, ಚೂಪಾದ ಬೆಸುಗೆ ತುದಿಗಳಿಗೆ ಅದು ಸರಿ. ನೇಲ್ ಪಾಲಿಶ್ ತುರ್ತಿಗೆ ಹಚ್ಚುವವರಿದ್ದಾರೆ, ನನಗೆ ಅದರಲ್ಲಿ ನಂಬಿಕೆ ಇಲ್ಲ. ಕಪ್ಪು ಪಿವಿಸಿ ಟೇಪ್ ಈ ವೋಲ್ಟೇಜ್‌ಗೆ ಮಾಡಿದ್ದೇ ಅಲ್ಲ.

ಫ್ಲೈಬ್ಯಾಕ್‌ನ ಮೈಯಲ್ಲೇ ಬಿರುಕು ಕಾಣುತ್ತಿದೆ. ಎಪಾಕ್ಸಿ ಹಾಕಬಹುದಾ?

ಹಾಕಬಹುದು. ಆದರೆ ಹೊಸದು ಸಿಗುವವರೆಗಿನ ಮಾತು ಅದು. ಜಿ07ನಲ್ಲಿ ಫ್ಲೈಬ್ಯಾಕ್ ಹೋಗುವುದು ಮಾಮೂಲು. ಬಿಸಿ, ತಂಪು, ಮತ್ತೆ ಬಿಸಿ, ಹೀಗೆ ದಶಕಗಟ್ಟಲೆ ಆದ ಮೇಲೆ ಪ್ಲಾಸ್ಟಿಕ್ ಸೀಳುತ್ತದೆ. ಅಲ್ಲಿಂದ ಕಿಡಿ ಹೆಚ್ಚಾಗಿ ಫೆರೈಟ್ ಕೋರ್‌ಗೆ ಹಾರುತ್ತದೆ. ಹಾರಿದ ದಾರಿಯಲ್ಲಿ ಇಂಗಾಲ ಉಳಿಯುತ್ತದೆ. ಮೇಲೆ ಎಪಾಕ್ಸಿ ಬಳಿದರೆ ಕೆಳಗಿನ ಇಂಗಾಲದ ದಾರಿ ಹಾಗೇ ಇರುತ್ತದೆ. ತೇಪೆ ಹಾಕುವುದಾದರೆ ಸುಟ್ಟ ಭಾಗವನ್ನೆಲ್ಲ ಸುಡದ ಪ್ಲಾಸ್ಟಿಕ್ ಕಾಣುವವರೆಗೆ ಕೆರೆದು, ಆಲ್ಕೋಹಾಲ್‌ನಲ್ಲಿ ತೊಳೆದು, ಆಮೇಲೆ ಗುಳ್ಳೆ ಇಲ್ಲದ ಹಾಗೆ ಎಪಾಕ್ಸಿ ತುಂಬಬೇಕು.

ಒಳಗಿನ ಸುರುಳಿಯೇ ಶಾರ್ಟ್ ಆಗಿದ್ದರೆ ಹೊರಗಿನ ತೇಪೆಯಿಂದ ಏನೂ ಆಗದು. ಹೊಸ ಟ್ರಾನ್ಸಿಸ್ಟರ್ ಹಾಕಿದ ಕೂಡಲೇ ಮತ್ತೆ ಸತ್ತರೆ ಅನುಮಾನ ಫ್ಲೈಬ್ಯಾಕ್ ಮೇಲೇ ಹೋಗಬೇಕು.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಟಿವಿ ಇಎಚ್‌ಟಿ ಸಿಗುತ್ತಲ್ಲ, ಅದನ್ನೇ ಹಾಕಿದರೆ?

ಕೂರುವುದಿಲ್ಲ. ಕಾಲುಗಳ ಜೋಡಣೆ, ಸುತ್ತುಗಳ ಅನುಪಾತ, ಹೀಟರ್ ವೋಲ್ಟೇಜ್, ಫೋಕಸ್, ಎಲ್ಲವೂ ಚಾಸಿಗೆ ತಕ್ಕ ಹಾಗೆ ಮಾಡಿರುತ್ತಾರೆ. ಮಾಡೆಲ್ ನಂಬರ್ ನೋಡಿ ಅದಕ್ಕೇ ಮಾಡಿದ್ದನ್ನು ಹೊರದೇಶದ ಆರ್ಕೇಡ್ ಬಿಡಿಭಾಗ ಮಾರುವವರಿಂದ ತರಿಸಿ. ಆನೋಡ್ ಕಪ್, ರೆಸಿಸ್ಟರ್, ಸಾಕೆಟ್ ಬೇಕಾದರೆ ಟಿವಿ ಬಿಡಿಭಾಗದ ಅಂಗಡಿ ಧಾರಾಳವಾಗಿ ಸಾಕು.

ನೆಕ್ ಬೋರ್ಡ್‌ನ ಸಾಕೆಟ್‌ನಲ್ಲಿ ಕಿಡಿ, ಚಿತ್ರ ಮಬ್ಬು.

ಫೋಕಸ್ ಪಿನ್ ಇರುವ ಜಾಗ ಅದು. ಸಾಕೆಟ್‌ನ ಮುಚ್ಚಳ ತೆಗೆದರೆ ಒಳಗೆ ಹಸಿರು ಕಿಲುಬು ಸಿಗುವುದು ಸಾಮಾನ್ಯ. ಅದರೊಳಗೆ ಸ್ಪಾರ್ಕ್ ಗ್ಯಾಪ್ ಕೂಡ ಇರುತ್ತದೆ. ಟ್ಯೂಬ್‌ನೊಳಗೆ ಆರ್ಕ್ ಆದಾಗ ವಿಡಿಯೋ ಟ್ರಾನ್ಸಿಸ್ಟರ್‌ಗಳನ್ನು ಕಾಯುವುದು ಅದೇ. ಹಾಗಾಗಿ ಅಲ್ಲಿ ಅಪರೂಪಕ್ಕೆ ಒಂದು ಕಿಡಿ ಕಂಡರೆ ಅದು ತನ್ನ ಕೆಲಸ ಮಾಡುತ್ತಿದೆ. ಬಿಡದೆ ಹಾರುತ್ತಿದ್ದರೆ ಸಾಕೆಟ್ ಬದಲಾಯಿಸಿ.

ಟ್ಯೂಬ್‌ನ ಕತ್ತಿನ ಒಳಗೇ ಮಿಂಚಿದರೆ?

ಬಹಳ ವರ್ಷ ಸುಮ್ನೆ ಬಿದ್ದಿದ್ದ ಟ್ಯೂಬ್‌ಗೆ ಮೊದಲ ಸಲ ಕರೆಂಟ್ ಕೊಟ್ಟಾಗ ಒಂದೆರಡು ಸಲ ಮಿಂಚಿ ಸರಿಹೋಗಬಹುದು. ಬೀಮ್ ಹೊರಡುವ ಎಲೆಕ್ಟ್ರಾನ್ ಗನ್‌ನ ಮೇಲಿದ್ದ ಸಣ್ಣ ಕಣ ಸುಟ್ಟುಹೋಗಿರುತ್ತದೆ. ಕಾರ್ಖಾನೆಯಲ್ಲೂ ಟ್ಯೂಬ್‌ಗಳಿಗೆ ಬೇಕೆಂದೇ ಹೆಚ್ಚು ವೋಲ್ಟೇಜ್ ಕೊಟ್ಟು ಇಂಥ ಕಣಗಳನ್ನು ಸುಡುತ್ತಿದ್ದರು. ನಿಲ್ಲದೆ ಮಿಂಚಿದರೆ, ಕತ್ತಿನ ಬಳಿಯ ಬೆಳ್ಳಿ ಬಣ್ಣದ ಗೆಟರ್ (ಒಳಗೆ ಉಳಿದ ಗಾಳಿ ಹೀರುವ ಲೇಪ) ಕಲೆ ನೋಡಿ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೋಗಿದೆ. ಆ ಟ್ಯೂಬ್‌ಗೆ ರಿಪೇರಿ ಇಲ್ಲ.

ಗಾಜಿನ ಮೈಮೇಲೆ ತೆಳು ನೀಲಿ ಹೊಳಪು ಮಾತ್ರ ಕಂಡರೆ ಹೆದರಬೇಡಿ, ಅದು ಸಹಜ. ಎಲೆಕ್ಟ್ರೋಡ್‌ಗಳ ನಡುವೆ ಗುಲಾಬಿ ಅಥವಾ ನೇರಳೆ ಬೆಳಕು ತುಂಬಿದ್ದರೆ ಅದು ಗ್ಯಾಸ್.

ಟ್ಯೂಬ್ ಹಿಂದಿನ ಹೆಣಿಗೆ ವೈರ್ ಕಿತ್ತುಹೋಗಿದೆ. ಹಾಗೇ ಓಡಿಸಲಾ?

ಒಂದು ನಿಮಿಷವೂ ಬೇಡ. ಹೊರಗಿನ ಅಕ್ವಾಡ್ಯಾಗ್ ಗ್ರೌಂಡ್ ಆಗುವುದು ಅದರಿಂದ. ಅದು ಇಲ್ಲದಿದ್ದರೆ ಆ ಲೇಪದಲ್ಲೂ ಚಾರ್ಜ್ ತುಂಬಿ ಸಿಕ್ಕಸಿಕ್ಕ ಕಡೆ ಹಾರುತ್ತದೆ. ಹಾದಿ ನೆಕ್ ಬೋರ್ಡ್ ಮೂಲಕವಾದರೆ ವಿಡಿಯೋ ಟ್ರಾನ್ಸಿಸ್ಟರ್‌ಗಳಷ್ಟೇ ಅಲ್ಲ, ಗೇಮ್ ಬೋರ್ಡ್‌ನ ಚಿಪ್‌ಗಳೂ ಹೋಗಬಹುದು. ವೈರ್ ಲೇಪಕ್ಕೆ ಬಿಗಿಯಾಗಿ ಒತ್ತಿಕೊಂಡಿದೆಯಾ, ಅದರ ಇನ್ನೊಂದು ತುದಿ ನೆಕ್ ಬೋರ್ಡ್‌ನ ಗ್ರೌಂಡ್‌ಗೆ ಸೇರಿದೆಯಾ, ಎರಡನ್ನೂ ನೋಡಿ.

ಕ್ಯಾಪ್ ಕಿಟ್ ಹಾಕಿದರೆ ಆರ್ಕಿಂಗ್ ನಿಲ್ಲುತ್ತದಾ?

ಸಾಮಾನ್ಯವಾಗಿ ಇಲ್ಲ. ಕಿಟ್‌ನಲ್ಲಿ ಬರುವುದು ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು. ಮೇಲೆ ಹೇಳಿದ ರಿಟ್ರೇಸ್ ಕೆಪಾಸಿಟರ್ ಹೆಚ್ಚಾಗಿ ಅದರಲ್ಲಿ ಇರುವುದೇ ಇಲ್ಲ.

ಟೆಂಪೆಸ್ಟ್ ತರಹದ ವೆಕ್ಟರ್ ಮಾನಿಟರ್‌ಗೂ ಇದೇನಾ?

ಕಪ್, ಗಾಜು, ಗ್ರೌಂಡ್ ವಿಷಯ ಎಲ್ಲ ಅದೇ. ಹೈ ವೋಲ್ಟೇಜ್ ಹುಟ್ಟುವ ರೀತಿ ಬೇರೆ. ಸಾಲು ಸಾಲಾಗಿ ಬಿಡಿಸುವ ಮಾನಿಟರ್‌ನಲ್ಲಿ ಹಾರಿಜಾಂಟಲ್ ಸ್ಕ್ಯಾನೇ ಫ್ಲೈಬ್ಯಾಕನ್ನು ಓಡಿಸುತ್ತದೆ. ವೆಕ್ಟರ್‌ನಲ್ಲಿ ಬೀಮ್ ಬೇಕಾದ ಕಡೆ ಗೆರೆ ಎಳೆಯುತ್ತದೆ, ನಿಗದಿತ ಸ್ಕ್ಯಾನ್ ಇಲ್ಲ. ಆದ್ದರಿಂದ 1981ರ ಟೆಂಪೆಸ್ಟ್‌ನಲ್ಲಿದ್ದ ವೆಲ್ಸ್-ಗಾರ್ಡ್ನರ್ 6100ರಲ್ಲಿ ಹೈ ವೋಲ್ಟೇಜ್‌ಗೆ ಲೋಹದ ಪೆಟ್ಟಿಗೆಯೊಳಗೆ ಪ್ರತ್ಯೇಕ ಸರ್ಕ್ಯೂಟ್ ಇದೆ. ಅಲ್ಲಿ ವೋಲ್ಟೇಜ್ ಹೊಂದಿಸುವ ಪಾಟ್ ಕೂಡ ಇದೆ. ಪ್ರೋಬ್ ಇಲ್ಲದೆ ಅದನ್ನು ತಿರುಗಿಸಬೇಡಿ. 1983ರ ಸ್ಟಾರ್ ವಾರ್ಸ್‌ನ ಆಂಪ್ಲಿಫೋನ್ ಮಾನಿಟರ್‌ನಲ್ಲಿ ಫ್ಲೈಬ್ಯಾಕ್ ಹೋಗುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ.

ಎಕ್ಸ್‌ರೇ ಬರುತ್ತೆ ಅಂತಾರೆ, ನಿಜಾನಾ?

ಸರಿಯಾದ ವೋಲ್ಟೇಜ್‌ನಲ್ಲಿ ಟ್ಯೂಬ್‌ನ ಗಾಜು ತಡೆಯುತ್ತದೆ. ಅಮೆರಿಕದ ನಿಯಮದಲ್ಲಿ ಟಿವಿಗಳಿಗಿದ್ದ ಮಿತಿ, 5 ಸೆಂಟಿಮೀಟರ್ ದೂರದಲ್ಲಿ ಗಂಟೆಗೆ 0.5 ಮಿಲಿರಾಂಟ್ಜನ್. ಹೈ ವೋಲ್ಟೇಜ್ ಮಿತಿ ಮೀರಿದರೆ ಎಕ್ಸ್‌ರೇ ಬೇಗ ಬೇಗ ಏರುತ್ತದೆ. ಅದಕ್ಕಾಗಿಯೇ ಅನೇಕ ಚಾಸಿಗಳಲ್ಲಿ ತಾನಾಗಿ ಬಂದ್ ಆಗುವ ಸರ್ಕ್ಯೂಟ್ ಇದೆ. ಮಾನಿಟರ್ ಆನ್ ಆಗಿ ತಕ್ಷಣ ಆಫ್ ಆಗುತ್ತಿದೆ ಅಂತ ಆ ಸರ್ಕ್ಯೂಟನ್ನು ಕತ್ತರಿಸಿ ಓಡಿಸುವ ಸಲಹೆ ಕೊಡುವವರಿಂದ ದೂರ ಇರಿ.

ಮಳೆಗಾಲದಲ್ಲಿ ಮಾತ್ರ ಕಿಡಿ. ಬೇಸಿಗೆಯಲ್ಲಿ ಇಲ್ಲ.

ಹಾಗಾದರೆ ಕೊಳೆ ಇದೆ ಅಂತಲೇ ಅರ್ಥ. ಒಣ ಧೂಳು ಸುಮ್ಮನಿರುತ್ತದೆ, ತೇವ ಹೀರಿದರೆ ಕರೆಂಟ್ ಹರಿಸುತ್ತದೆ. ಮಂಗಳೂರು, ಕಾರವಾರದ ಕಡೆ ಆದರೆ ಉಪ್ಪೂ ಸೇರುತ್ತದೆ. ಆನ್ ಮಾಡಿ ಅರ್ಧ ಗಂಟೆಯಲ್ಲಿ ತಾನಾಗಿ ನಿಂತರೂ ಬಿಡಬೇಡಿ, ಬಿಚ್ಚಿ ಒರೆಸಿ.

ರಿಪೇರಿ ಆಯಿತು. ಸರಿಯಾಗಿದೆ ಅಂತ ಹೇಗೆ ಖಾತ್ರಿ ಮಾಡಿಕೊಳ್ಳಲಿ?

ಸೀರೀಸ್ ಬಲ್ಬ್ ಇಟ್ಟು ಮೊದಲ ಸಲ ಆನ್ ಮಾಡಿ. ಬಲ್ಬ್ ಒಮ್ಮೆ ಹೊತ್ತಿ ಮಂಕಾದರೆ ಅದನ್ನು ತೆಗೆದು, ಬಿ ಪ್ಲಸ್ ಸರಿಯಾಗಿ ಹೊಂದಿಸಿ. ಕತ್ತಲಲ್ಲಿ ಮತ್ತೊಮ್ಮೆ ನೋಡಿ. ಚಿತ್ರ ಪೂರ್ತಿ ಕಪ್ಪಾಗಿರುವಾಗ ಬೀಮ್ ಕರೆಂಟ್ ಕಡಿಮೆ, ಆಗ ಹೈ ವೋಲ್ಟೇಜ್ ಅತಿ ಹೆಚ್ಚು ಇರುತ್ತದೆ. ಹಾಗಾಗಿ ಹೊಳೆಯುವ ಚಿತ್ರ ಇಟ್ಟು ಪರೀಕ್ಷೆ ಮಾಡಿ ಸಮಾಧಾನ ಪಟ್ಟುಕೊಂಡರೆ ಅರ್ಧ ಪರೀಕ್ಷೆ ಮಾತ್ರ ಆಯಿತು. ಬ್ರೈಟ್‌ನೆಸ್ ಇಳಿಸಿ, ಕಪ್ಪು ಪರದೆಯಲ್ಲಿ ಒಂದೆರಡು ಗಂಟೆ ಬಿಡಿ, ನೀವು ಅದೇ ಕೋಣೆಯಲ್ಲಿರಿ. ಪೂರ್ತಿ ತಣ್ಣಗಾದ ಮೇಲೆ ಮರುದಿನ ಬೆಳಿಗ್ಗೆ ಇನ್ನೊಮ್ಮೆ ಆನ್ ಮಾಡಿ. ಬಿರುಕು ಬಿಟ್ಟ ಫ್ಲೈಬ್ಯಾಕ್ ಕೆಲವೊಮ್ಮೆ ತಣ್ಣಗಿರುವಾಗ ಮಾತ್ರ ಕಿಡಿ ಕಾರುತ್ತದೆ.